ಪಿಜ್ಜಾ ಹಿಟ್ಟು ಫ್ರೀಜರ್‌ಗೆ: ಉಬ್ಬುವ ಮೊದಲೋ, ಉಬ್ಬಿದ ಮೇಲೋ, ಅರ್ಧ ಬೇಯಿಸಿಯೋ?

ಪಿಜ್ಜಾ ಹಿಟ್ಟು ಕಲಸುವ ರಗಳೆ ಒಂದು ಪಿಜ್ಜಾಗೂ ಅಷ್ಟೇ, ನಾಲ್ಕಕ್ಕೂ ಅಷ್ಟೇ. ಅದೇ ಪಾತ್ರೆ ತೊಳೆಯಬೇಕು, ಅದೇ ಕಟ್ಟೆ ಒರೆಸಬೇಕು, ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟನ್ನು ಅದೇ ರೀತಿ ಕೆರೆದು ತೆಗೆಯಬೇಕು. ಹಾಗಾಗಿ ಒಂದೇ ಸಲ ಜಾಸ್ತಿ ಕಲಸಿ, ಉಳಿದದ್ದನ್ನು ಫ್ರೀಜರ್‌ಗೆ ಹಾಕೋಣ ಅನ್ನಿಸುತ್ತದೆ. ಹಾಕಬಹುದು, ಚೆನ್ನಾಗಿಯೇ ಬರುತ್ತದೆ. ಆದರೆ ಯಾವ ಹಂತದಲ್ಲಿ ಒಳಗೆ ಹಾಕಿದಿರಿ, ಹೇಗೆ ಹೊರಗೆ ತೆಗೆದಿರಿ ಅನ್ನುವುದನ್ನು ನೋಡಿಕೊಂಡು ಅದೇ ಹಿಟ್ಟು ಒಮ್ಮೆ ಅಂಚೆಲ್ಲ ಉಬ್ಬಿ ಗರಿಗರಿಯಾಗುತ್ತದೆ, ಇನ್ನೊಮ್ಮೆ ಹಲಗೆಯಾಗುತ್ತದೆ.

ನಾನು ಮೊದಲ ಸಲ ಮಾಡಿದ್ದು ಕೇಳಿದರೆ ನಗುತ್ತೀರಿ. ಒಂದು ಕಿಲೋ ಹತ್ತಿರದ ಹಿಟ್ಟನ್ನು ಒಂದೇ ಮುದ್ದೆಯಾಗಿ ಕವರಿಗೆ ತುರುಕಿ ಫ್ರೀಜರ್‌ಗೆ ತಳ್ಳಿದ್ದೆ. ಮೂರು ವಾರ ಬಿಟ್ಟು, ಮನೆಗೆ ಜನ ಬರುವ ದಿನ ಮಧ್ಯಾಹ್ನ ತೆಗೆದರೆ ಕಲ್ಲು. ಐದು ಗಂಟೆ ಹೊರಗಿಟ್ಟೆ. ಹೊರಮೈ ಅಂಟಂಟಾಗಿ ಕವರಿಗೆ ಹತ್ತಿಕೊಂಡಿತ್ತು, ಹುಳಿ ವಾಸನೆ ಬೇರೆ, ಚಾಕು ಇಳಿಸಿದರೆ ನಡುವಿನಲ್ಲಿ ಇನ್ನೂ ನಿಂಬೆಹಣ್ಣಿನಷ್ಟು ಗಟ್ಟಿ ಐಸ್. ಅವತ್ತು ಪಿಜ್ಜಾ ಆಗಲಿಲ್ಲ.

ಅದಾದ ಮೇಲೆ ಬೇರೆ ಬೇರೆ ರೀತಿ ಮಾಡಿ ನೋಡಿದ್ದೇನೆ. ನನಗೆ ಅರ್ಥವಾದದ್ದು ಇಷ್ಟು. ಯಾವ ವಿಧಾನ ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಪಿಜ್ಜಾ ತಿನ್ನುವ ದಿನ ನಿಮ್ಮ ಕೈಯಲ್ಲಿ ಎಷ್ಟು ಹೊತ್ತು ಇರುತ್ತದೆ ಅಂತ ಕೇಳಿಕೊಳ್ಳಿ, ಆಗ ಉತ್ತರ ತಾನಾಗಿ ಸಿಗುತ್ತದೆ. ಹಿಂದಿನ ರಾತ್ರಿಯೇ ನೆನಪಿರುತ್ತದಾ? ಇಲ್ಲ, ಕೆಲಸ ಮುಗಿಸಿ ಬಾಗಿಲು ತೆಗೆಯುವಾಗ ಪಿಜ್ಜಾ ನೆನಪಾಗುವ ಪೈಕಿಯಾ? ಇವರಿಬ್ಬರೂ ಫ್ರೀಜರ್‌ನಲ್ಲಿ ಇಡಬೇಕಾದದ್ದು ಬೇರೆ ಬೇರೆ.

ಮೂರ್ನಾಲ್ಕು ದಿನದೊಳಗೆ ತಿನ್ನುವುದಾದರೆ ಫ್ರೀಜರ್ ಬೇಡವೇ ಬೇಡ

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ತುಂಬ ಜನ ಸುಮ್ನೆ ಫ್ರೀಜರ್‌ಗೆ ಹಾಕುತ್ತಾರೆ. ಭಾನುವಾರ ಕಲಸಿ ಬುಧವಾರ ತಿನ್ನುವ ಹಿಟ್ಟಿಗೆ ಫ್ರಿಜ್ ಸಾಕು. ಸಾಕು ಅಂತಲ್ಲ, ಅದೇ ಒಳ್ಳೆಯದು. 4 ಡಿಗ್ರಿ ಹತ್ತಿರ ಈಸ್ಟ್ ಸತ್ತಿರುವುದಿಲ್ಲ, ನಿಂತೂ ಇರುವುದಿಲ್ಲ, ತೆವಳುತ್ತಾ ಕೆಲಸ ಮಾಡುತ್ತಿರುತ್ತದೆ. ಆ ನಿಧಾನದಲ್ಲೇ ರುಚಿ ಹುಟ್ಟುವುದು. ಎರಡನೇ ದಿನಕ್ಕಿಂತ ಮೂರನೇ ದಿನದ ಹಿಟ್ಟು ನನಗೆ ಹೆಚ್ಚು ಇಷ್ಟ, ಓವನ್‌ನಲ್ಲಿ ಅಂಚಿನ ಮೇಲೆ ಕಂದು ಚುಕ್ಕೆಗಳೂ ಚೆನ್ನಾಗಿ ಬರುತ್ತವೆ. ಐದನೇ ದಿನ ದಾಟಿದರೆ ಹಿಟ್ಟು ಸಡಿಲವಾಗಿ, ಹುಳಿಯಾಗಿ, ಎಳೆದರೆ ಹರಿಯತೊಡಗುತ್ತದೆ. ಫ್ರಿಜ್‌ಗೆ ಹಾಕುವ ಹಿಟ್ಟಿಗೆ ಈಸ್ಟ್ ಕಡಿಮೆ ಸಾಕು, 500 ಗ್ರಾಂ ಮೈದಾಕ್ಕೆ 1ರಿಂದ 2 ಗ್ರಾಂ ಇನ್‌ಸ್ಟಂಟ್ ಈಸ್ಟ್.

ಇದಕ್ಕಿಂತ ಹೆಚ್ಚು ದಿನ ಇಡಬೇಕು ಅಂದರೆ ಮಾತ್ರ ಮುಂದೆ ಓದಿ.

ಫ್ರೀಜರ್ ಒಳಗೆ ಆಗುವುದೇನು

ಮನೆಯ ಫ್ರೀಜರ್ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರುತ್ತದೆ. ಆ ಚಳಿಗೆ ಈಸ್ಟ್ ನಿದ್ದೆ ಹೋಗುತ್ತದೆ, ಸಾಯುವುದಿಲ್ಲ ಅಂತ ಹೇಳುವವರೇ ಜಾಸ್ತಿ. ಅದು ಪೂರ್ತಿ ನಿಜವಲ್ಲ. ಒಂದಷ್ಟು ನಿದ್ದೆ ಹೋಗುತ್ತದೆ, ಒಂದಷ್ಟು ಸತ್ತೇ ಹೋಗುತ್ತದೆ, ದಿನ ಕಳೆದಂತೆ ಸಾಯುವ ಪಾಲು ಏರುತ್ತಾ ಹೋಗುತ್ತದೆ. ಸತ್ತದ್ದು ಸುಮ್ಮನೆ ಬಿದ್ದಿರುವುದೂ ಇಲ್ಲ. ಸತ್ತ ಈಸ್ಟ್‌ನಿಂದ ಗ್ಲುಟಾಥಯೋನ್ ಅನ್ನುವ ವಸ್ತು ಹೊರಬಂದು ಹಿಟ್ಟಿನ ಗ್ಲುಟನ್ ಅನ್ನು, ಅಂದರೆ ಹಿಟ್ಟನ್ನು ಹರಿಯದ ಹಾಗೆ ಹಿಡಿದಿಡುವ ಎಳೆಗಳನ್ನು, ಸಡಿಲ ಮಾಡುತ್ತದೆ. ಎರಡು ತಿಂಗಳ ಹಿಂದೆ ಇಟ್ಟ ಹಿಟ್ಟು ಹೊರಗೆ ತೆಗೆದಾಗ ಯಾಕೋ ಜೋಲುತ್ತದೆ, ಕೈಗೆ ಅಂಟುತ್ತದೆ ಅನ್ನಿಸಿದ್ದರೆ ಒಂದು ಕಾರಣ ಇದು.

ಇನ್ನೊಂದು ಕಾರಣ ಐಸ್. ನೀರು ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಐಸ್ ಹರಳು ದೊಡ್ಡದಾಗುತ್ತದೆ, ದೊಡ್ಡ ಹರಳು ಅದೇ ಎಳೆಗಳನ್ನು ಕೊಯ್ಯುತ್ತದೆ. ನನ್ನ ಒಂದು ಕಿಲೋ ಮುದ್ದೆಗೆ ಆದದ್ದು ಇದೇ: ನಡುಭಾಗ ಐಸ್ ಆಗಲು ಅರ್ಧ ದಿನ ಹಿಡಿದಿರಬೇಕು. ಅಷ್ಟೇ ಅಲ್ಲ, ಈಗಿನ ಬಹಳಷ್ಟು ಫ್ರೀಜರ್‌ಗಳು ತಾವೇ ಐಸ್ ಕರಗಿಸಿಕೊಳ್ಳುವ ಬಗೆಯವು, ಆಗಾಗ ಸ್ವಲ್ಪ ಬೆಚ್ಚಗಾಗಿ ಮತ್ತೆ ತಣ್ಣಗಾಗುತ್ತವೆ. ಆ ಏರಿಳಿತದಲ್ಲಿ ಚಿಕ್ಕ ಹರಳುಗಳು ಸೇರಿ ದೊಡ್ಡದಾಗುತ್ತವೆ. ಹಾಗಾಗಿ ಹಿಟ್ಟನ್ನು ಬಾಗಿಲ ಪಕ್ಕ ಇಡಬೇಡಿ, ಹಿಂದಕ್ಕೆ, ಕೆಳಕ್ಕೆ ತಳ್ಳಿ.

ಮೂರನೆಯದು ನನಗೆ ತಿಳಿದದ್ದು ತಡವಾಗಿ, ಆದರೆ ಇಡೀ ಹೋಲಿಕೆ ನಿಂತಿರುವುದು ಇದರ ಮೇಲೆಯೇ. ಈಸ್ಟ್ ತನ್ನೊಳಗೆ ಟ್ರೆಹಲೋಸ್ ಅನ್ನುವ ಒಂದು ಬಗೆಯ ಸಕ್ಕರೆ ಕೂಡಿಟ್ಟುಕೊಂಡಿರುತ್ತದೆ. ಚಳಿಗೆ ಅದೇ ಅದರ ಕಂಬಳಿ. ಹಿಟ್ಟು ಹುದುಗಲು ಶುರುವಾಯಿತು ಅಂದರೆ ಈಸ್ಟ್ ಆ ಕಂಬಳಿಯನ್ನೇ ತಿಂದು ಖಾಲಿ ಮಾಡುತ್ತದೆ. ಚೆನ್ನಾಗಿ ಉಬ್ಬಿದ ಹಿಟ್ಟನ್ನು ಫ್ರೀಜರ್‌ಗೆ ಹಾಕಿದರೆ ಕಂಬಳಿ ಇಲ್ಲದವರನ್ನು ಹಿಮಕ್ಕೆ ಕಳಿಸಿದ ಹಾಗೆ. ಮಾರಾಟಕ್ಕೆ ಫ್ರೋಜನ್ ಹಿಟ್ಟು ಮಾಡುವವರು ನಾದಿದ ಕೂಡಲೇ, ಹುದುಗಲು ಆದಷ್ಟು ಕಡಿಮೆ ಅವಕಾಶ ಕೊಟ್ಟು ಹೆಪ್ಪುಗಟ್ಟಿಸುವುದು ಇದಕ್ಕೇ.

ನಾದಿದ ಕೂಡಲೇ ಹಾಕುವುದು

ತಣ್ಣೀರಲ್ಲಿ ಹಿಟ್ಟು ಕಲಸಿ, ಚೆನ್ನಾಗಿ ನಾದಿ, ಹತ್ತು ನಿಮಿಷ ಸುಧಾರಿಸಿಕೊಳ್ಳಲು ಬಿಟ್ಟು, ತೂಕ ಮಾಡಿ ಉಂಡೆ ಕಟ್ಟಿ ಸೀದಾ ಫ್ರೀಜರ್‌ಗೆ. ನೀರು ತಣ್ಣಗಿರಲಿ ಅನ್ನುವುದನ್ನು ಮರೆಯಬೇಡಿ. ಬೆಚ್ಚಗಿನ ನೀರು ಹಾಕಿದರೆ ನೀವು ಉಂಡೆ ಕಟ್ಟುವಷ್ಟರಲ್ಲೇ ಅದು ಉಬ್ಬಲು ಶುರುಮಾಡಿರುತ್ತದೆ.

ಇದರ ಲಾಭ ಒಂದೇ, ಆದರೆ ದೊಡ್ಡದು: ಈಸ್ಟ್ ಹೆಚ್ಚು ಉಳಿಯುತ್ತದೆ. ಒಂದು ತಿಂಗಳು, ಎರಡು ತಿಂಗಳು ಇಟ್ಟರೂ ಉಬ್ಬುತ್ತದೆ. ತೊಂದರೆ ಏನಪ್ಪಾ ಅಂದರೆ ರುಚಿ ಇನ್ನೂ ಹುಟ್ಟೇ ಇರುವುದಿಲ್ಲ. ಉಬ್ಬುವ ಕೆಲಸವೆಲ್ಲ ತಿನ್ನುವ ದಿನಕ್ಕೆ ಬಾಕಿ. ಐಸ್ ಬಿಡಲು ಒಂದು ರಾತ್ರಿ, ಆಮೇಲೆ ಉಬ್ಬಲು 2-3 ಗಂಟೆ. ಇನ್ನೊಂದು ದಿನ ಫ್ರಿಜ್‌ನಲ್ಲೇ ಬಿಟ್ಟರಂತೂ ಇನ್ನೂ ಚೆನ್ನ, ಆಗ ರುಚಿಯೂ ಬರುತ್ತದೆ. ಶುಕ್ರವಾರ ರಾತ್ರಿ ತೆಗೆದಿಟ್ಟು ಭಾನುವಾರ ತಿನ್ನುವವರಿಗೆ ಹೇಳಿ ಮಾಡಿಸಿದ್ದು.

ಉಬ್ಬಿದ ಮೇಲೆ ಉಂಡೆ ಕಟ್ಟಿ ಹಾಕುವುದು

ಮನೆಯಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ, ಯಾಕೆಂದರೆ ಉಳಿದ ಹಿಟ್ಟು ಅಂದರೆ ಉಬ್ಬಿದ ಹಿಟ್ಟೇ ಅಲ್ವಾ. ಒಂದು ಸಲ ಉಬ್ಬಿದ ಮೇಲೆ ಗಾಳಿ ತೆಗೆದು, ಮತ್ತೆ ಬಿಗಿಯಾಗಿ ಉಂಡೆ ಕಟ್ಟಿ ಹಾಕುವುದು. ರುಚಿ ಆಗಲೇ ಬಂದಿರುತ್ತದೆ, ಐಸ್ ಬಿಟ್ಟ ಮೇಲೆ ಒಂದು ಒಂದೂವರೆ ಗಂಟೆಯಲ್ಲಿ ಪಿಜ್ಜಾ ತಟ್ಟಬಹುದು. ಎರಡು ಮೂರು ವಾರದೊಳಗೆ ಮುಗಿಸುವುದಾದರೆ ಇದಕ್ಕೂ ಹಿಂದಿನದಕ್ಕೂ ವ್ಯತ್ಯಾಸ ನನಗೆ ಕಂಡಿಲ್ಲ, ರುಚಿಯಲ್ಲಿ ಇದೇ ಒಂದು ಕೈ ಮೇಲು. ತಿಂಗಳು ದಾಟಿದರೆ ಮಾತ್ರ ಸೋಲುತ್ತದೆ. ಅಂಚು ಉಬ್ಬುವುದು ಕಡಿಮೆ, ಹಿಟ್ಟು ಬೇಗ ಹರಿಯುತ್ತದೆ.

ಪಾತ್ರೆ ತುಂಬ ಉಬ್ಬಿ, ನಡು ಕುಸಿಯಲು ಶುರುವಾದ ಹಿಟ್ಟನ್ನು ದಯವಿಟ್ಟು ಫ್ರೀಜರ್‌ಗೆ ಹಾಕಬೇಡಿ. ಅದು ಬರುವಾಗ ಇನ್ನೂ ಸುಸ್ತಾಗಿ ಬರುತ್ತದೆ. ಅರ್ಧದಿಂದ ಮುಕ್ಕಾಲು ಪಾಲು ಉಬ್ಬಿದಾಗಲೇ ನಿಲ್ಲಿಸಿ ಉಂಡೆ ಕಟ್ಟುವುದು ನನ್ನ ಲೆಕ್ಕ. ಅಲ್ಲಿಗೆ ಒಂದಿಷ್ಟು ರುಚಿಯೂ ಬಂದಿರುತ್ತದೆ, ಈಸ್ಟ್‌ಗೆ ಕಂಬಳಿಯ ಚೂರೂ ಉಳಿದಿರುತ್ತದೆ.

ಅರ್ಧ ಬೇಯಿಸಿದ ಬೇಸ್

ಹಿಟ್ಟಿನ ಅಭಿಮಾನಿಗಳು ಇದನ್ನು ಕೇಳಿದರೆ ಮೂಗು ಮುರಿಯುತ್ತಾರೆ. ನಾನೂ ಮುರಿಯುತ್ತಿದ್ದೆ. ಈಗ ನನ್ನ ಫ್ರೀಜರ್‌ನಲ್ಲಿ ಉಂಡೆಗಿಂತ ಬೇಸ್‌ಗಳೇ ಜಾಸ್ತಿ.

ಹಿಟ್ಟು ಪೂರ್ತಿ ಉಬ್ಬಿದ ಮೇಲೆ ಪಿಜ್ಜಾದ ಹಾಗೆಯೇ ತಟ್ಟಿ, ಫೋರ್ಕ್‌ನಿಂದ ನಡುಭಾಗಕ್ಕೆ ಅಲ್ಲಲ್ಲಿ ಚುಚ್ಚಿ (ಚುಚ್ಚದಿದ್ದರೆ ಬಲೂನಿನ ಹಾಗೆ ಎದ್ದು ನಿಲ್ಲುತ್ತದೆ), 230 ಡಿಗ್ರಿ ಓವನ್‌ನಲ್ಲಿ 4-5 ನಿಮಿಷ. ಬಣ್ಣ ಬರಬಾರದು. ಮೇಲ್ಮೈ ಒಣಗಿ, ಎತ್ತಿದರೆ ಬಾಗದೆ ನಿಲ್ಲಬೇಕು, ಆದರೆ ಇನ್ನೂ ಬೆಳ್ಳಗಿರಬೇಕು. ತೆಗೆದು ಜಾಲರಿಯ ಮೇಲೆ ಪೂರ್ತಿ ಆರಲು ಬಿಡಿ. ಬಿಸಿ ಇರುವಾಗಲೇ ಕವರಿಗೆ ಹಾಕಿದರೆ ಆವಿ ಒಳಗೇ ನೀರಾಗಿ, ಆಮೇಲೆ ಐಸ್ ಆಗಿ ಕೂರುತ್ತದೆ. ಆರಿದ ಮೇಲೆ ಒಂದರ ಮೇಲೊಂದು, ನಡುವೆ ಬೇಕಿಂಗ್ ಪೇಪರ್ ಇಟ್ಟು, ಗಾಳಿ ತೆಗೆದು ಕಟ್ಟಿಡಿ.

ಈಸ್ಟ್ ಉಳಿಯಿತಾ ಸತ್ತಿತಾ ಅನ್ನುವ ತಲೆನೋವೇ ಇಲ್ಲಿಲ್ಲ, ಅದರ ಕೆಲಸ ಓವನ್‌ನಲ್ಲೇ ಮುಗಿದಿರುತ್ತದೆ. ಐಸ್ ಬಿಡಿಸುವುದೂ ಬೇಕಿಲ್ಲ. ಓವನ್ ಕಾಯುವಷ್ಟರಲ್ಲಿ ಸಾಸ್, ಚೀಸ್ ಹಾಕಿ, ಹೆಪ್ಪುಗಟ್ಟಿದ ಹಾಗೆಯೇ 250 ಡಿಗ್ರಿಗೆ ಇಟ್ಟರೆ 7ರಿಂದ 10 ನಿಮಿಷದಲ್ಲಿ ಪಿಜ್ಜಾ. ಹಸಿ ಹಿಟ್ಟಿನಿಂದ ಮಾಡಿದ್ದಕ್ಕೂ ಇದಕ್ಕೂ ಅಂತರ ಇದೆ, ಇಲ್ಲ ಅನ್ನುವುದಿಲ್ಲ. ಅಂಚು ಅಷ್ಟು ಹಗುರವಾಗಿ ಉಬ್ಬುವುದಿಲ್ಲ, ಜಗಿಯುವಾಗ ಸ್ವಲ್ಪ ಬ್ರೆಡ್ ನೆನಪಾಗುತ್ತದೆ. ಆದರೆ ಸಂಜೆ ಏಳೂವರೆಗೆ ಹಸಿದು ಕೂತಾಗ ಯಾರೂ ಆ ಅಂತರ ಅಳೆಯುವುದಿಲ್ಲ. ತೆಳು, ಗರಿಗರಿ ಪಿಜ್ಜಾ ಇಷ್ಟಪಡುವವರಿಗಂತೂ ಅಂತರ ಗೊತ್ತಾಗುವುದೇ ಕಷ್ಟ.

ಒಂದು ಎಚ್ಚರಿಕೆ. ಈ ಬೇಸ್‌ಗಳನ್ನು ಫ್ರಿಜ್‌ನಲ್ಲಿ ವಾರಗಟ್ಟಲೆ ಇಡಬೇಡಿ. ಬೆಂದ ಹಿಟ್ಟು ಬೇಗ ಬಿರುಸಾಗುವುದು ಫ್ರಿಜ್‌ನ ತಂಪಿನಲ್ಲೇ. ಅವತ್ತೇ ತಿನ್ನದಿದ್ದರೆ ಫ್ರೀಜರ್‌ಗೆ, ಅಷ್ಟೇ.

ಟಾಪಿಂಗ್ ಎಲ್ಲ ಹಾಕಿ ಪೂರ್ತಿ ಪಿಜ್ಜಾವನ್ನೇ ಹೆಪ್ಪುಗಟ್ಟಿಸುವವರೂ ಇದ್ದಾರೆ. ಹಸಿ ಹಿಟ್ಟಿನ ಮೇಲೆ ಹಾಗೆ ಮಾಡಬೇಡಿ, ಸಾಸ್‌ನ ನೀರು ಇಳಿದು ನಡುಭಾಗ ಅಂಟಿನ ಹಾಗೆ ಆಗುತ್ತದೆ. ಅರ್ಧ ಬೆಂದ ಬೇಸ್ ಮೇಲಾದರೆ ಪರವಾಗಿಲ್ಲ. ಆದರೂ ಟೊಮೆಟೊ ಹೋಳು, ಅಣಬೆ ತರಹದ ನೀರು ಬಿಡುವ ತರಕಾರಿ ಬೇಡ, ನೀರಲ್ಲಿ ಅದ್ದಿಟ್ಟ ಹಸಿ ಮೊಝರೆಲ್ಲಾ ಬೇಡವೇ ಬೇಡ. ಸಾಸನ್ನು ಐಸ್ ಟ್ರೇಯಲ್ಲಿ ಬೇರೆ ಹೆಪ್ಪುಗಟ್ಟಿಸಿ, ತುರಿದ ಮೊಝರೆಲ್ಲಾವನ್ನು ಬೇರೆ ಕವರಿನಲ್ಲಿ ಇಟ್ಟುಕೊಂಡರೆ ಜಾಗವೂ ಕಡಿಮೆ.

ಫ್ರೀಜರ್‌ಗೆ ಅಂತಲೇ ಹಿಟ್ಟು ಕಲಸುವುದಾದರೆ

ನನ್ನ ಅಳತೆ: 500 ಗ್ರಾಂ ಮೈದಾ, 310 ಗ್ರಾಂ ತಣ್ಣೀರು, 10 ಗ್ರಾಂ ಉಪ್ಪು, 10 ಗ್ರಾಂ ಆಲಿವ್ ಎಣ್ಣೆ, 5 ಗ್ರಾಂ ಸಕ್ಕರೆ, 4 ಗ್ರಾಂ ಇನ್‌ಸ್ಟಂಟ್ ಈಸ್ಟ್. ಅವತ್ತೇ ತಿನ್ನುವ ಹಿಟ್ಟಿಗೆ ನಾನು 3 ಗ್ರಾಂ ಹಾಕುತ್ತೇನೆ. ಆ ಒಂದು ಗ್ರಾಂ ಸಾಯುವವರ ಲೆಕ್ಕಕ್ಕೆ. ಹಸಿ ಈಸ್ಟ್ ಬಳಸುವವರು ತೂಕವನ್ನು ಮೂರು ಪಟ್ಟು ಮಾಡಿಕೊಳ್ಳಿ. ಕೈಗೆ, ಪಾತ್ರೆಗೆ ಅಂಟಿದ್ದು ಕಳೆದು 820-830 ಗ್ರಾಂ ಹಿಟ್ಟು ಸಿಗುತ್ತದೆ, ಅಂದರೆ ದಪ್ಪ ಅಂಚು ಬೇಕಾದವರಿಗೆ ಮೂರು ಉಂಡೆ, ತೆಳು ಸಾಕು ಅನ್ನುವವರಿಗೆ ನಾಲ್ಕು. ನೇಪಲ್ಸ್‌ನಲ್ಲಿ 1984ರಲ್ಲಿ ಶುರುವಾದ ಪಿಜ್ಜಾ ಸಂಘದ ನಿಯಮದಲ್ಲೂ ಒಂದು ಉಂಡೆಗೆ 200ರಿಂದ 280 ಗ್ರಾಂ ಅಂತಲೇ ಇದೆ, ಹಾಗಾಗಿ ಎರಡು ಲೆಕ್ಕವೂ ಸರಿ.

ಮೈದಾದ ತೂಕಕ್ಕೆ ಹೋಲಿಸಿದರೆ ನೀರಿನ ಪಾಲು ಇಲ್ಲಿ ಶೇಕಡ 62. ಶೇಕಡ 70 ನೀರು ಹಾಕಿ ತೇವದ ಹಿಟ್ಟು ಮಾಡುವ ಚಪಲ ಇದ್ದರೆ ಅದನ್ನು ಫ್ರಿಜ್ ಹಿಟ್ಟಿಗೆ ಇಟ್ಟುಕೊಳ್ಳಿ. ನೀರು ಜಾಸ್ತಿ ಅಂದರೆ ಐಸ್ ಜಾಸ್ತಿ, ಐಸ್ ಬಿಟ್ಟ ಮೇಲೆ ಅಂಟೂ ಜಾಸ್ತಿ. ಮೈದಾ ಕೂಡ ಪ್ರೋಟೀನ್ ಹೆಚ್ಚಿರುವುದು ಸಿಕ್ಕರೆ, ಅಂದರೆ ಶೇಕಡ 12ರ ಆಸುಪಾಸು ಅಥವಾ ಮೇಲೆ, ಅದನ್ನೇ ತೆಗೆದುಕೊಳ್ಳಿ. ಹರಳು ಕೊಯ್ಯುವ ಎಳೆಗಳು ಮೊದಲೇ ಬಲವಾಗಿದ್ದರೆ ಕೊನೆಗೆ ಉಳಿಯುವುದೂ ಹೆಚ್ಚು. ಪೂರ್ತಿ ಗೋಧಿ ಹಿಟ್ಟಿನದ್ದು ಫ್ರೀಜರ್‌ಗೆ ಹಾಕಿದರೆ ಎಳೆಯುವಾಗ ಬೇಗ ಬಿರಿಯುತ್ತದೆ, ಅದನ್ನು ಅರ್ಧ ಬೇಯಿಸಿಯೇ ಇಡುವುದು ವಾಸಿ.

ಉಂಡೆಯಾ, ಬಿಲ್ಲೆಯಾ

ಇದನ್ನು ಯಾರೂ ಹೇಳಿಕೊಡುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. 250 ಗ್ರಾಂ ಉಂಡೆ ಅಂದರೆ ಸುಮಾರು 7-8 ಸೆಂಟಿಮೀಟರ್ ದಪ್ಪ. ಅದನ್ನೇ ಅಂಗೈಯಲ್ಲಿ ಒತ್ತಿ 2 ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡಿದರೆ ಅಗಲ 12 ಸೆಂಟಿಮೀಟರ್ ಆಗುತ್ತದೆ. ಹಿಟ್ಟು ಅದೇ, ಆದರೆ ಚಳಿ ನಡುಭಾಗಕ್ಕೆ ತಲುಪುವ ದಾರಿ ಬಹಳ ಹತ್ತಿರ. ದಪ್ಪ ಅರ್ಧ ಮಾಡಿದರೆ ಬೇಕಾಗುವ ಹೊತ್ತು ಅರ್ಧಕ್ಕಿಂತಲೂ ಕೆಳಗೆ ಇಳಿಯುತ್ತದೆ. ಬೇಗ ಹೆಪ್ಪುಗಟ್ಟುತ್ತದೆ, ಹರಳು ಚಿಕ್ಕದು, ತೆಗೆದಾಗ ಬೇಗ ಮೆತ್ತಗಾಗುತ್ತದೆ, ಮೇಲಾಗಿ ಪಿಜ್ಜಾ ಅರ್ಧ ತಟ್ಟಿದ ಹಾಗೆಯೂ ಆಯಿತು. ಉಂಡೆ ನೋಡಲು ಚೆಂದ, ಅಷ್ಟೇ.

ಬಿಲ್ಲೆಗೆ ಎಲ್ಲ ಕಡೆ ತೆಳುವಾಗಿ ಎಣ್ಣೆ ಸವರಿ, ಬೇಕಿಂಗ್ ಪೇಪರ್ ಹಾಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, ಒಂದೆರಡು ಗಂಟೆ ಫ್ರೀಜರ್‌ನಲ್ಲಿಡಿ. ತಟ್ಟಿದರೆ ಟಕ್ ಅನ್ನುವಷ್ಟು ಗಟ್ಟಿಯಾದ ಮೇಲೆ ಒಂದೊಂದನ್ನೂ ಕವರಿಗೆ ಹಾಕಿ ಗಾಳಿಯೆಲ್ಲ ಒತ್ತಿ ತೆಗೆದು ಮುಚ್ಚಿ. ಗಾಳಿ ಉಳಿದರೆ ಹಿಟ್ಟಿನ ನೀರು ಆವಿಯಾಗಿ ಹೊರಟು, ಮೇಲ್ಮೈ ಒಣಗಿ ಬೂದು ಬಣ್ಣದ ಚರ್ಮ ಕಟ್ಟುತ್ತದೆ. ಆ ಚರ್ಮ ಆಮೇಲೆ ಎಷ್ಟು ನಾದಿದರೂ ಕರಗುವುದಿಲ್ಲ, ಪಿಜ್ಜಾದಲ್ಲಿ ಗಟ್ಟಿ ಚೂರುಗಳಾಗಿ ಹಲ್ಲಿಗೆ ಸಿಗುತ್ತದೆ. ಕವರಿನ ಮೇಲೆ ತಾರೀಖು, ತೂಕ, ಉಬ್ಬಿದ್ದಾ ಇಲ್ಲವಾ ಅನ್ನುವುದನ್ನು ಬರೆಯಿರಿ. ನೆನಪಿರುತ್ತದೆ ಅಂದುಕೊಳ್ಳುತ್ತೀರಿ, ಇರುವುದಿಲ್ಲ.

ಹೊರಗೆ ತೆಗೆಯುವುದು: ಫ್ರಿಜ್, ಕಟ್ಟೆ, ತಣ್ಣೀರು, ಮೈಕ್ರೋವೇವ್

ಹಿಟ್ಟು ಹಾಳಾಗುವುದು ಫ್ರೀಜರ್‌ಗೆ ಹೋಗುವಾಗಿನದಕ್ಕಿಂತ ಹೊರಗೆ ಬರುವಾಗಲೇ ಜಾಸ್ತಿ. ತೊಂದರೆ ಯಾವಾಗಲೂ ಒಂದೇ: ಹೊರಭಾಗ ಬೆಚ್ಚಗಾಗಿ ಹುದುಗಲು ಶುರುಮಾಡಿರುತ್ತದೆ, ಒಳಭಾಗ ಇನ್ನೂ ಕಲ್ಲು. ನಡು ಏಳುವಷ್ಟರಲ್ಲಿ ಹೊರಭಾಗ ಹುಳಿದು ಸುಸ್ತಾಗಿರುತ್ತದೆ.

ಫ್ರಿಜ್‌ನಲ್ಲಿ ಬಿಡಿಸಿದರೆ ಈ ತೊಂದರೆ ಬರುವುದೇ ಇಲ್ಲ, ಯಾಕೆಂದರೆ ಹೊರಭಾಗವೂ 4 ಡಿಗ್ರಿ ದಾಟುವುದಿಲ್ಲ. ಬಿಲ್ಲೆಗೆ 6-8 ಗಂಟೆ, ದಪ್ಪ ಉಂಡೆಗೆ 12ರಿಂದ 18 ಗಂಟೆ. ಎಣ್ಣೆ ಸವರಿದ, ಮುಚ್ಚಳ ಇರುವ ಡಬ್ಬಿಗೆ ಹಾಕಿ ಬಿಟ್ಟರೆ ಆಯಿತು. ಡಬ್ಬಿ ಹಿಟ್ಟಿನ ಎರಡರಷ್ಟಾದರೂ ದೊಡ್ಡದಿರಲಿ. ತಿನ್ನುವ ಒಂದೂವರೆ ಎರಡು ಗಂಟೆ ಮೊದಲು ಹೊರಗಿಡಿ. ಹಿಂದಿನ ರಾತ್ರಿ ನೆನಪಾಯಿತು ಅಂದರೆ ಬೇರೆ ಯೋಚನೆಯೇ ಬೇಡ, ಇದನ್ನೇ ಮಾಡಿ.

ಬೆಳಿಗ್ಗೆ ಮರೆತು ಮಧ್ಯಾಹ್ನ ನೆನಪಾಯಿತು ಅನ್ನಿ. ಆಗ ಕಟ್ಟೆಯ ಮೇಲೆ ಇಡುವುದಕ್ಕಿಂತ ತಣ್ಣೀರು ವಾಸಿ. ಹಿಟ್ಟು ಬಿಗಿಯಾಗಿ ಮುಚ್ಚಿದ ಕವರಿನಲ್ಲೇ ಇರಲಿ, ನಲ್ಲಿಯ ತಣ್ಣೀರು ತುಂಬಿದ ಪಾತ್ರೆಯಲ್ಲಿ ಮುಳುಗಿಸಿ, ತೇಲದಂತೆ ಮೇಲೊಂದು ತಟ್ಟೆ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಬಿಲ್ಲೆ ಮುಕ್ಕಾಲು ಗಂಟೆಯೊಳಗೆ, ಉಂಡೆ ಒಂದು ಒಂದೂವರೆ ಗಂಟೆಯಲ್ಲಿ ಮೆತ್ತಗಾಗುತ್ತದೆ. ನೀರು ಗಾಳಿಗಿಂತ ಎಷ್ಟೋ ಬೇಗ ಶಾಖ ಸಾಗಿಸುತ್ತದೆ, ಅದಕ್ಕೇ ತಣ್ಣಗಿದ್ದೂ ಬೇಗ ಬಿಡಿಸುತ್ತದೆ. ಬೇಗ ಆಗಲಿ ಅಂತ ಬಿಸಿ ನೀರು ಹಾಕಿದರೆ ಮತ್ತೆ ಅದೇ ಕಥೆ, ಹೊರಗೆ ಅಂಟು, ಒಳಗೆ ಕಲ್ಲು. ಕವರಿಗೆ ಚಿಕ್ಕ ತೂತಿದ್ದರೂ ಹಿಟ್ಟು ಗಂಜಿ ಆಗುತ್ತದೆ, ನೋಡಿಕೊಳ್ಳಿ.

ಕಟ್ಟೆಯ ಮೇಲೆ ಸುಮ್ನೆ ಇಡುವುದು ಕೆಟ್ಟದ್ದೇನಲ್ಲ, ಬಿಲ್ಲೆಯಾಗಿದ್ದರೆ. ಮುಚ್ಚಿಟ್ಟರೆ ಎರಡು ಗಂಟೆಯಲ್ಲಿ ಐಸ್ ಬಿಟ್ಟು, ಮುಂದಿನ ಒಂದು ಗಂಟೆಯಲ್ಲಿ ಉಬ್ಬಿಯೂ ಆಗಿರುತ್ತದೆ. ದಪ್ಪ ಉಂಡೆಗೆ, ಅದರಲ್ಲೂ ಸೆಖೆಯ ದಿನದಲ್ಲಿ, ನಾನು ಇದನ್ನು ಮಾಡುವುದಿಲ್ಲ.

ಮೈಕ್ರೋವೇವ್ ಬೇಡ. ಡಿಫ್ರಾಸ್ಟ್ ಗುಂಡಿ ಇದೆಯಲ್ಲ ಅನ್ನಬೇಡಿ. ಮೈಕ್ರೋವೇವ್ ಅಲೆಗಳು ಐಸ್‌ಗಿಂತ ನೀರನ್ನು ಬಹಳ ಬೇಗ ಬಿಸಿ ಮಾಡುತ್ತವೆ, ಹಾಗಾಗಿ ಮೊದಲು ಕರಗಿದ ಮೂಲೆ ಇನ್ನಷ್ಟು ಕಾಯುತ್ತಾ ಹೋಗುತ್ತದೆ, ಪಕ್ಕದ ಐಸ್ ಹಾಗೇ ಕೂತಿರುತ್ತದೆ. ನಾನೊಮ್ಮೆ ಅರ್ಧ ಅರ್ಧ ನಿಮಿಷ ಇಟ್ಟು ನೋಡಿದೆ. ಮೂರನೇ ಸಲ ತೆಗೆದಾಗ ಒಂದು ಅಂಚು ಬೆಂದು ರಬ್ಬರಿನ ಹಾಗೆ ಮಿರುಗುತ್ತಿತ್ತು, ನಡು ಗಟ್ಟಿ, ಎರಡರ ಮಧ್ಯೆ ಒಂದು ಬೆರಳಗಲ ಮಾತ್ರ ಹಿಟ್ಟಿನ ಹಾಗಿತ್ತು. 55-60 ಡಿಗ್ರಿ ತಲುಪಿದ ಕಡೆಯೆಲ್ಲ ಈಸ್ಟ್ ಸತ್ತಿರುತ್ತದೆ. ಆ ಹಿಟ್ಟಿಗೆ ಮತ್ತೆ ಜೀವ ಬರುವುದಿಲ್ಲ.

ಓವನ್ ಒಳಗೆ ಬರೀ ದೀಪ ಹಾಕಿ ಇಡುವ ಉಪಾಯ ಐಸ್ ಬಿಡಿಸಲು ಅಲ್ಲ, ಐಸ್ ಬಿಟ್ಟ ಹಿಟ್ಟನ್ನು ಉಬ್ಬಿಸಲು. ಚಳಿ ಇರುವ ದಿನಗಳಲ್ಲಿ ಒಳ್ಳೆಯದೇ. ಆಮೇಲೆ ಹಿಟ್ಟು ಒಳಗಿರುವುದನ್ನು ಮರೆತು ಓವನ್ ಕಾಯಲು ಇಡಬೇಡಿ. ನಾನು ಇಟ್ಟಿದ್ದೇನೆ.

ತಟ್ಟಲು ಬಂದಿದೆಯಾ ಅಂತ ತಿಳಿಯುವುದು

ಗಡಿಯಾರ ನೋಡಬೇಡಿ, ಬೆರಳು ಇಡಿ. ಮೊದಲು ನಡುಭಾಗವನ್ನು ಕೆಳಗಿನಿಂದ ಮೆಲ್ಲಗೆ ಒತ್ತಿ, ಗಟ್ಟಿ ಗೆಡ್ಡೆ ಸಿಕ್ಕರೆ ಇನ್ನೂ ಆಗಿಲ್ಲ. ಎಲ್ಲ ಕಡೆ ಒಂದೇ ಮೆತ್ತಗಿದ್ದರೆ, ಎಣ್ಣೆ ಹಚ್ಚಿದ ಬೆರಳಿನಿಂದ ಮೇಲೆ ಅರ್ಧ ಇಂಚು ಒತ್ತಿ ಬಿಡಿ. ಪುಟಿದು ಪೂರ್ತಿ ಮೇಲೆ ಬಂದರೆ ಇನ್ನೂ ಅರ್ಧ ಗಂಟೆ ಬೇಕು. ನಿಧಾನಕ್ಕೆ ಅರ್ಧ ಮಾತ್ರ ಮೇಲೆ ಬಂದು ನಿಂತರೆ ಸರಿಯಾಗಿದೆ. ಗುಳಿ ಹಾಗೇ ನಿಂತು ಸುತ್ತ ಕುಸಿದರೆ ಹೊತ್ತು ಮೀರಿದೆ, ತಡಮಾಡದೆ ತಟ್ಟಿ ಓವನ್‌ಗೆ ಹಾಕಿ.

ಫ್ರೀಜರ್‌ನಿಂದ ಬಂದ ಹಿಟ್ಟು ಎರಡರಷ್ಟು ಉಬ್ಬುತ್ತದೆ ಅಂತ ಕಾಯಬೇಡಿ. ಒಂದೂವರೆಯಷ್ಟಾದರೆ ಸಾಕು. ಎರಡರಷ್ಟಾಗಲಿ ಅಂತ ಕಾದು ಕಾದು ಹಾಳು ಮಾಡಿದವರೇ ಜಾಸ್ತಿ, ಉಳಿದ ಕೆಲಸ ಓವನ್‌ನ ಬಿಸಿ ಮಾಡಿಕೊಳ್ಳುತ್ತದೆ. ತಟ್ಟುವಾಗ ಹಿಟ್ಟು ರಬ್ಬರಿನ ಹಾಗೆ ಹಿಂದಕ್ಕೆ ಸರಿಯುತ್ತಿದ್ದರೆ ಅದು ಇನ್ನೂ ತಣ್ಣಗಿದೆ ಅಂತ ಅರ್ಥ. ಎಳೆದಾಡಬೇಡಿ, ಮುಚ್ಚಿ ಹದಿನೈದು ನಿಮಿಷ ಬಿಡಿ. ಜೋಲಿ ಹರಿಯುತ್ತಿದ್ದರೆ ಗಾಳಿಯಲ್ಲಿ ಎತ್ತಿ ಎಳೆಯುವ ಸಾಹಸ ಬೇಡ, ಬೇಕಿಂಗ್ ಪೇಪರ್ ಮೇಲೆಯೇ ಬೆರಳುಗಳಿಂದ ಒತ್ತಿ ಹರಡಿ, ಪೇಪರ್ ಸಮೇತ ಓವನ್‌ಗೆ ಜಾರಿಸಿ. ಕಲ್ಲಾಗಲಿ ತಟ್ಟೆಯಾಗಲಿ ಓವನ್ ಒಳಗೆ ಮೊದಲೇ ಅರ್ಧ ಗಂಟೆ ಕಾದಿರಲಿ. ಫ್ರೀಜರ್ ಹಿಟ್ಟಿಗೆ ಕೆಳಗಿನ ಬಿಸಿ ಇನ್ನೂ ಹೆಚ್ಚು ಬೇಕು. ಪೇಪರ್ ಎಷ್ಟು ಬಿಸಿ ತಡೆಯುತ್ತದೆ ಅಂತ ಅದರ ಡಬ್ಬಿಯ ಮೇಲೆ ಬರೆದಿರುತ್ತದೆ, ಒಮ್ಮೆ ನೋಡಿಕೊಳ್ಳಿ.

ಹಾಗಾದರೆ ಯಾವುದು ಇಡಲಿ?

ತಿಂಗಳಿಗೆ ಒಂದೆರಡು ಸಲ, ರಜೆಯ ದಿನ ನೋಡಿಕೊಂಡು ಪಿಜ್ಜಾ ಮಾಡುವವರು ನಾದಿದ ಕೂಡಲೇ ಬಿಲ್ಲೆ ಮಾಡಿ ಹಾಕಿಡಿ. ವಾರಕ್ಕೊಮ್ಮೆ ಮಾಡುವವರಿಗೆ ಅರ್ಧ ಉಬ್ಬಿದ ಹಿಟ್ಟಿನ ಬಿಲ್ಲೆ. ಮನೆಯಲ್ಲಿ ಮಕ್ಕಳಿದ್ದು ಯಾವಾಗ ಬೇಡಿಕೆ ಬರುತ್ತದೋ ಹೇಳಲಾಗದವರಿಗೆ, ಅಥವಾ ನನ್ನ ಹಾಗೆ ಮರೆಗುಳಿಗಳಿಗೆ, ಅರ್ಧ ಬೆಂದ ಬೇಸ್. ನಾನು ಒಂದು ಸಲ ಕಲಸಿದರೆ ಒಂದನ್ನು ಅವತ್ತೇ ತಿಂದು, ಎರಡನ್ನು ಬೇಸ್ ಮಾಡಿ, ಉಳಿದ ಒಂದನ್ನು ಬಿಲ್ಲೆಯಾಗಿ ಇಡುತ್ತೇನೆ. ಆ ಬಿಲ್ಲೆ ಎಷ್ಟೋ ಸಲ ಮೂಲೆಯಲ್ಲೇ ಉಳಿದುಹೋಗುತ್ತದೆ, ಅದೂ ನಿಜ.

ಹಾಗೆ ಉಳಿದು ಮೂರು ನಾಲ್ಕು ತಿಂಗಳಾದ ಹಿಟ್ಟು ಸಿಕ್ಕರೆ ಎಸೆಯಬೇಡಿ. ಐಸ್ ಬಿಡಿಸಿ ನೋಡಿ. ಕೆಟ್ಟ ವಾಸನೆ ಇಲ್ಲದೆ, ಬರೀ ಉಬ್ಬುತ್ತಿಲ್ಲ ಅಷ್ಟೇ ಆದರೆ ಅದಕ್ಕೂ ಕೆಲಸ ಇದೆ. ಒಂದು, ಲಟ್ಟಣಿಗೆಯಿಂದ ಆದಷ್ಟು ತೆಳುವಾಗಿ ಲಟ್ಟಿಸಿ, ಫೋರ್ಕ್‌ನಿಂದ ಚುಚ್ಚಿ, ಎಣ್ಣೆ ಉಪ್ಪು ಸವರಿ ಬೇಯಿಸಿದರೆ ಗರಿಗರಿ ತೆಳು ಪಿಜ್ಜಾ ಆಗುತ್ತದೆ, ಅದಕ್ಕೆ ಉಬ್ಬುವ ಅಗತ್ಯವೇ ಇಲ್ಲ. ಎರಡು, ನನಗೆ ಹೆಚ್ಚು ಇಷ್ಟವಾದದ್ದು, ಹೊಸ ಹಿಟ್ಟು ಕಲಸುವಾಗ ಅದರ ಮೂರನೇ ಒಂದು ಭಾಗದಷ್ಟು ಹಳೆಯದನ್ನು ಚೂರು ಮಾಡಿ ಸೇರಿಸಿ ನಾದುವುದು. ಉಬ್ಬಿಸುವ ಕೆಲಸ ಹೊಸ ಈಸ್ಟ್‌ನದ್ದು, ಹಳೆಯದು ರುಚಿ ಕೊಡುತ್ತದೆ. ಅವತ್ತೇ ಕಲಸಿದ ಹಿಟ್ಟಿಗೂ ಎರಡು ದಿನ ಫ್ರಿಜ್‌ನಲ್ಲಿಟ್ಟದ್ದರ ಘಮ ಬರುತ್ತದೆ. ಆ ಹಿಟ್ಟನ್ನು ಮಾತ್ರ ಮತ್ತೆ ಫ್ರೀಜರ್‌ಗೆ ಹಾಕಬೇಡಿ, ಅವತ್ತೇ ಪಿಜ್ಜಾ ಮಾಡಿ ಮುಗಿಸಿ.